ಒಂದೇ ಮುಖ, ಎರಡು ನಡತೆ

ನಗುವ ಮನಸ್ಸು ಬಹುಬೇಗ ಒಪ್ಪಿಗೆ ಕೊಡುತ್ತದೆ. ಗಂಭೀರವಾದ ನಾಟಕವನ್ನು ನೋಡುವಾಗ ಇದು ನ್ಯಾಯವೇ, ಇದು ಅನ್ಯಾಯವೇ ಎಂದು ತೂಗಿ ನೋಡುವ ಪ್ರೇಕ್ಷಕನು ಹಾಸ್ಯದ ಎದುರಿಗೆ ಕುಳಿತಾಗ ತಕ್ಕಡಿಯನ್ನು ಕೆಳಗಿಟ್ಟುಬಿಡುತ್ತಾನೆ. ಆದುದರಿಂದ ನೀತಿಯ ದೃಷ್ಟಿಯಿಂದ ಪರಿಶೀಲಿಸಬೇಕಾದವುಗಳಲ್ಲಿ ಹಗುರವಾದ ಚಲನಚಿತ್ರಗಳಿಗೂ ಒಂದು ಸ್ಥಾನವಿದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಂಕೋಚವಿಲ್ಲದೆ ನೋಡಬಹುದಾದ ಚಿತ್ರವೆಂದು ಹೆಸರಾದ ಮಾತ್ರಕ್ಕೆ ಅದರಲ್ಲಿ ವಿಚಾರ ಮಾಡಬೇಕಾದದ್ದು ಏನೂ ಇಲ್ಲವೆಂದು ಭಾವಿಸಲಾಗದು.

1935ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯಿಂದ ಹೊರಬಂದ ‘ದಿ ಹೋಲ್ ಟೌನ್ಸ್ ಟಾಕಿಂಗ್’ ಎಂಬ ಕಪ್ಪು-ಬಿಳುಪಿನ ಚಿತ್ರ ಇಂಥದೊಂದು ಕೃತಿ. ‘ಊರಲ್ಲೆಲ್ಲ ಇದೇ ಮಾತು’ ಎಂಬುದು ಆ ಹೆಸರಿನ ತಾತ್ಪರ್ಯ. ನಿರ್ದೇಶಕ ಜಾನ್ ಫೋರ್ಡ್. ಕುದುರೆ ಸವಾರರ, ಮರುಭೂಮಿಯ ಕಥೆಗಳಿಂದ ಮುಂದೆ ಜಗತ್ಪ್ರಸಿದ್ಧನಾದ ಈ ನಿರ್ದೇಶಕನ ಕೈಯಿಂದ ಬಂದ ಕೆಲವೇ ನಗರಹಾಸ್ಯಗಳಲ್ಲಿ ಇದು ಒಂದು. ಮೂಲ ಕಥೆ ಡಬ್ಲ್ಯು. ಆರ್. ಬರ್ನೆಟ್‌ನದು, ಚಿತ್ರಕಥೆಯನ್ನು ಬರೆದವರು ಜೋ ಸ್ವರ್ಲಿಂಗ್ ಮತ್ತು ರಾಬರ್ಟ್ ರಿಸ್ಕಿನ್. ಮುಖ್ಯ ಪಾತ್ರಗಳೆರಡನ್ನೂ ವಹಿಸಿದವನು ಎಡ್ವರ್ಡ್ ಜಿ. ರಾಬಿನ್‌ಸನ್. ಬರ್ನೆಟ್‌ನದೇ ಕಾದಂಬರಿಯನ್ನು ಆಧರಿಸಿದ ‘ಲಿಟ್ಲ್ ಸೀಸರ್’ (1931) ಚಿತ್ರದಲ್ಲಿ ಕ್ರೂರನಾದ ದರೋಡೆಗಾರನ ಪಾತ್ರ ಮಾಡಿ ಜನಮನದಲ್ಲಿ ಅಚ್ಚೊತ್ತಿದ್ದ ಮುಖ ಅದು. ಆ ಮುಖವನ್ನು ಕಂಡೊಡನೆ ಪ್ರೇಕ್ಷಕನ ಮನಸ್ಸಿನಲ್ಲಿ ‘ಇವನು ಕೊಲೆಗಡುಕ’ ಎಂಬ ಭಾವನೆ ತಾನಾಗಿಯೇ ಏಳುತ್ತಿದ್ದ ಕಾಲ. ಚಿತ್ರದ ಹಾಸ್ಯವೆಲ್ಲ ಈ ಪೂರ್ವಗ್ರಹದ ಮೇಲೆಯೇ ನಿಂತಿದೆ.

ಕಥೆ ಸರಳವಾದದ್ದು. ಆರ್ಥರ್ ಫರ್ಗುಸನ್ ಜೋನ್ಸ್ ಎಂಬವನು ಒಂದು ದೊಡ್ಡ ಕಛೇರಿಯಲ್ಲಿ ಗುಮಾಸ್ತ. ಎಂಟು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ. ಮೃದುಮಾತಿನವನು, ಅಂಜುಬುರುಕ, ಬರಹಗಾರನಾಗಬೇಕೆಂಬ ಆಸೆಯನ್ನೂ ಜೊತೆಯಲ್ಲಿ ಕೆಲಸ ಮಾಡುವ ಮಿಸ್ ಕ್ಲಾರ್ಕ್ ಎಂಬ ತರುಣಿಯ ಮೇಲಿನ ಅನುರಾಗವನ್ನೂ ಮನಸ್ಸಿನಲ್ಲೇ ಅಡಗಿಸಿಟ್ಟುಕೊಂಡವನು. ಅದೇ ಊರಿನಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು ಬಂದ ಮ್ಯಾನಿಯನ್ ಎಂಬ ಕೊಲೆಗಡುಕನಿದ್ದಾನೆ. ಇಬ್ಬರ ಮುಖವೂ ಒಂದೇ ಅಚ್ಚು. ಮ್ಯಾನಿಯನ್‌ನನ್ನು ಹಿಡಿದುಕೊಟ್ಟವರಿಗೆ ಇಪ್ಪತ್ತೈದು ಸಾವಿರ ಡಾಲರ್ ಬಹುಮಾನವೆಂದು ಸಾರಲಾಗಿದೆ. ಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರವನ್ನು ನೋಡಿದ್ದ ಹೋಯ್ಟ್ ಎಂಬ ಬಡಕಲು ಮನುಷ್ಯ ಊಟದ ಮನೆಯಲ್ಲಿ ಜೋನ್ಸ್‌ನನ್ನು ಕಂಡು ಪೋಲೀಸರಿಗೆ ಸುದ್ದಿ ಮುಟ್ಟಿಸುತ್ತಾನೆ. ಅಲ್ಲಿಂದ ಗುಮಾಸ್ತನ ಬಾಳು ತಲೆಕೆಳಗಾಗುತ್ತದೆ.

ಈ ಕಥೆ ಬರಿಯ ಕಲ್ಪನೆಯಿಂದ ಹುಟ್ಟಿದ್ದೆಂದು ತಿಳಿಯಬಾರದು. ಚಿತ್ರ ತೆರೆಗೆ ಬರುವ ಹಿಂದಿನ ವರ್ಷ, 1934ರಲ್ಲಿ, ಜಾನ್ ಡಿಲ್ಲಿಂಜರ್ ಎಂಬ ಬ್ಯಾಂಕು ದರೋಡೆಗಾರನ ಹೆಸರು ಅಮೆರಿಕದ ಮನೆಮನೆಯಲ್ಲೂ ಕೇಳಿಬರುತ್ತಿತ್ತು. ಅವನನ್ನು ಹಿಡಿದವರಿಗೆ ಕೇಂದ್ರ ಸರ್ಕಾರವೇ ಹತ್ತು ಸಾವಿರ ಡಾಲರುಗಳ ಬಹುಮಾನವನ್ನು ಸಾರಿತ್ತು. ಆ ವರ್ಷದ ಏಪ್ರಿಲ್ 22ರ ರಾತ್ರಿ ವಿಸ್ಕಾನ್ಸಿನ್ ಪ್ರಾಂತ್ಯದ ‘ಲಿಟ್ಲ್ ಬೊಹೀಮಿಯಾ’ ಎಂಬ ವಸತಿಗೃಹದಲ್ಲಿ ಅವನ ತಂಡವಿದೆಯೆಂದು ತಿಳಿದು ಸರ್ಕಾರದ ಪತ್ತೇದಾರರು ಮುತ್ತಿಗೆ ಹಾಕಿದರು. ಹೊರಗೆ ಬಂದ ಒಂದು ಕಾರಿನಲ್ಲಿ ದರೋಡೆಗಾರರೇ ಇದ್ದಾರೆಂದು ಭ್ರಮಿಸಿ ಗುಂಡು ಹಾರಿಸಿದರು. ಕಾರಿನಲ್ಲಿದ್ದವರು ಊಟ ಮುಗಿಸಿ ಮನೆಗೆ ಹೊರಟಿದ್ದ ನಿರಪರಾಧಿಗಳು. ಒಬ್ಬನು ಸತ್ತನು, ಇಬ್ಬರು ಗಾಯಗೊಂಡರು. ಅಷ್ಟರಲ್ಲಿ ಡಿಲ್ಲಿಂಜರ್ ಮತ್ತು ಅವನ ಸಂಗಡಿಗರು ಹಿಂಬದಿಯಿಂದ ಪಾರಾಗಿದ್ದರು. ಮೂರು ತಿಂಗಳ ಬಳಿಕ, ಜುಲೈ 22ರಂದು, ಶಿಕಾಗೋ ನಗರದಲ್ಲಿ ಒಂದು ಚಿತ್ರಮಂದಿರದಿಂದ ಹೊರಬರುತ್ತಿದ್ದ ಡಿಲ್ಲಿಂಜರ್‌ನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಒಬ್ಬನನ್ನು ಇನ್ನೊಬ್ಬನೆಂದು ಭ್ರಮಿಸಿದರೆ ಏನಾಗುತ್ತದೆಂಬುದನ್ನು ಪತ್ರಿಕೆಗಳಲ್ಲಿ ಓದಿ ಬಂದಿದ್ದ ಜನರೇ ಜೋನ್ಸ್‌ನ ಪಾಡನ್ನು ನೋಡಿ ನಕ್ಕರು. ಈ ಹಿನ್ನೆಲೆಯನ್ನು ತಿಳಿದು ನೋಡಿದಾಗ ಚಿತ್ರದ ನಗೆಯ ಕೆಳಗೆ ಹರಿಯುವ ಭಯ ಕಾಣುತ್ತದೆ.

ಮೊದಲು ಹೋಯ್ಟ್‌ನ ಪಾತ್ರವನ್ನೇ ನೋಡಬಹುದು. ಅವನು ದುಷ್ಟನಲ್ಲ. ಡೊನಾಲ್ಡ್ ಮೀಕ್ ಎಂಬ ನಟ ಆ ಪಾತ್ರವನ್ನು ಎಷ್ಟು ದೈನ್ಯದಿಂದ ಮಾಡಿದ್ದಾನೆಂದರೆ ನೋಡುವವರಿಗೆ ಅವನ ಮೇಲೆ ಕನಿಕರವೇ ಹುಟ್ಟುತ್ತದೆ. ಆದರೆ ಬಹುಮಾನದ ಮೊತ್ತ ಕಣ್ಣಿಗೆ ಕಟ್ಟಿದ ಕ್ಷಣದಿಂದ ಎದುರಿಗಿರುವ ಮನುಷ್ಯನು ಅವನಿಗೆ ಮನುಷ್ಯನಾಗಿ ಕಾಣುವುದಿಲ್ಲ. ಆಮೇಲೆ ಸಿಕ್ಕಿಬಿದ್ದವನು ಅಪರಾಧಿಯಲ್ಲವೆಂದು ತಿಳಿದಾಗಲೂ ಅವನ ಚಿಂತೆ ಹಣದ ಸುತ್ತಲೇ ಸುಳಿಯುತ್ತದೆ. ಇದೇ 1935ರಲ್ಲಿ ಫೋರ್ಡ್ ‘ದಿ ಇನ್‌ಫಾರ್ಮರ್’ ಎಂಬ ಇನ್ನೊಂದು ಚಿತ್ರವನ್ನು ನಿರ್ದೇಶಿಸಿದನು. ಐರ್ಲೆಂಡಿನ ಒಬ್ಬ ಬಡವ ಇಪ್ಪತ್ತು ಪೌಂಡಿನ ಆಸೆಗೆ ಗೆಳೆಯನನ್ನು ಹಿಡಿದುಕೊಟ್ಟು ಪಶ್ಚಾತ್ತಾಪದ ಬೆಂಕಿಯಲ್ಲಿ ಬೇಯುವ ಕಥೆ ಅದು; ನಿರ್ದೇಶನಕ್ಕಾಗಿ ಫೋರ್ಡ್‌ಗೆ ಆಸ್ಕರ್ ಪ್ರಶಸ್ತಿಯನ್ನು ತಂದಿತು. ಒಂದೇ ವರ್ಷದಲ್ಲಿ ಒಂದೇ ಕೈಯಿಂದ ಬಂದ ಈ ಎರಡು ಚಿತ್ರಗಳಲ್ಲಿ ಲೋಭಕ್ಕೆ ಬಿದ್ದು ಇನ್ನೊಬ್ಬನನ್ನು ಹಿಡಿದುಕೊಡುವವನು ಒಂದು ಕಡೆ ಕಣ್ಣೀರಿಗೆ ಕಾರಣನಾಗುತ್ತಾನೆ, ಇನ್ನೊಂದು ಕಡೆ ನಗೆಗೆ. ಹೋಯ್ಟ್ ಹೇಳಿದ ಮಾತನ್ನು ನಂಬಿ ಪೋಲೀಸರು ಗುಂಡು ಹಾರಿಸಿದ್ದರೆ ಈ ಕಥೆಯೂ ಕಣ್ಣೀರಿನದೇ ಆಗುತ್ತಿತ್ತು.

ಠಾಣೆಯ ದೃಶ್ಯ ಚಿತ್ರದ ಅತ್ಯುತ್ತಮ ಭಾಗ. ಜೋನ್ಸ್ ತಾನು ಜೋನ್ಸ್ ಎಂದು ಎಷ್ಟು ಬಾರಿ ಹೇಳಿದರೂ ಯಾರೂ ಕಿವಿಗೊಡುವುದಿಲ್ಲ. ಅವನ ನಡುಕವೂ ಬೆವರೂ ಅಪರಾಧದ ಗುರುತುಗಳಾಗಿ ತೋರುತ್ತವೆ. ಅವನೊಡನೆ ಸಿಕ್ಕಿಬಿದ್ದ ಮಿಸ್ ಕ್ಲಾರ್ಕ್ ಧೈರ್ಯವಂತೆ. ಜೀನ್ ಆರ್ಥರ್ ವಹಿಸಿದ ಈ ಪಾತ್ರಕ್ಕೆ ಅಧಿಕಾರಿಗಳ ಮೌಢ್ಯ ಕಂಡು ತಮಾಷೆ ಮಾಡಬೇಕೆನಿಸುತ್ತದೆ. ಇಂಥ ದರೋಡೆ ಯಾರು ಮಾಡಿದರೆಂದು ಕೇಳಿದಾಗಲೆಲ್ಲ ‘ಮ್ಯಾನಿಯನ್’ ಎಂದೇ ಉತ್ತರಿಸುತ್ತಾಳೆ. ಆ ಉತ್ತರಗಳನ್ನು ಮಾತ್ರ ಪೋಲೀಸರು ಆಸಕ್ತಿಯಿಂದ ಕೇಳಿಸಿಕೊಳ್ಳುತ್ತಾರೆ. ಗುಮಾಸ್ತನು ಆಡುವ ಸತ್ಯಕ್ಕೆ ಬೆಲೆಯಿಲ್ಲ. ತರುಣಿ ಆಡುವ ವಿನೋದದ ಸುಳ್ಳಿಗೆ ಬೆಲೆಯಿದೆ, ಏಕೆಂದರೆ ಅದು ಕೇಳುವವನು ಮೊದಲೇ ನಿಶ್ಚಯಿಸಿಕೊಂಡ ತೀರ್ಮಾನಕ್ಕೆ ಒಪ್ಪುತ್ತದೆ. ಸಂದೇಹ ನೆಲೆಯೂರಿದ ಮೇಲೆ ಪ್ರತಿಯೊಂದು ವಿಷಯವೂ ಆ ಸಂದೇಹಕ್ಕೆ ಸಾಕ್ಷಿಯಾಗಿ ಪರಿಣಮಿಸುವ ಬಗೆಯನ್ನು ಇಷ್ಟು ಹಗುರವಾಗಿಯೂ ಇಷ್ಟು ನಿಖರವಾಗಿಯೂ ತೋರಿಸಿದ ದೃಶ್ಯಗಳು ವಿರಳ. ಆದರೆ ತಮಾಷೆಗಾಗಿ ಆಡಿದ ಸುಳ್ಳಿನ ಭಾರವೂ ಕೊನೆಗೆ ಜೋನ್ಸ್‌ನ ತಲೆಯ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಬಾರದು.

ಇದು ಚಿತ್ರದವರು ಹಿಗ್ಗಿಸಿ ಹೇಳಿದ ಮಾತೇ ಎಂದು ಸಂಶಯಪಡುವವರು ಇಂಗ್ಲೆಂಡಿನ ಅಡಾಲ್ಫ್ ಬೆಕ್‌ನ ಪ್ರಕರಣವನ್ನು ನೆನೆಯಬಹುದು. ಲಂಡನ್ನಿನಲ್ಲಿ ನೆಲೆಸಿದ್ದ ನಾರ್ವೆ ದೇಶದ ಈ ಮನುಷ್ಯನನ್ನು, ಹೆಂಗಸರಿಗೆ ಮೋಸ ಮಾಡಿ ಒಡವೆ ದೋಚುತ್ತಿದ್ದ ವಂಚಕನೆಂದು ಭಾವಿಸಿ 1896ರಲ್ಲಿ ಏಳು ವರ್ಷಗಳ ಶಿಕ್ಷೆಗೆ ಗುರಿಪಡಿಸಲಾಯಿತು. ಮೋಸಹೋದ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ಇವನೇ ಅವನೆಂದು ಗುರುತಿಸಿದ್ದರು. ಅವರಾರೂ ಸುಳ್ಳು ಹೇಳಬೇಕೆಂದು ಬಂದವರಲ್ಲ. ತಾವು ಕಂಡದ್ದನ್ನೇ ಹೇಳುತ್ತಿದ್ದೇವೆಂದು ನಂಬಿದ್ದವರು. 1901ರಲ್ಲಿ ಬಿಡುಗಡೆಯಾದ ಬೆಕ್, 1904ರಲ್ಲಿ ಅದೇ ಬಗೆಯ ಆರೋಪದ ಮೇಲೆ ಮತ್ತೆ ಅಪರಾಧಿಯೆನಿಸಿಕೊಂಡನು. ಅವನು ಸೆರೆಯಲ್ಲಿದ್ದಾಗಲೇ ಹೊರಗೆ ಅದೇ ಬಗೆಯ ಮೋಸ ನಡೆದು ನಿಜವಾದ ವಂಚಕ ಸಿಕ್ಕಿಬಿದ್ದುದರಿಂದ ಸತ್ಯ ಹೊರಬಿತ್ತು. ಸರ್ಕಾರ ಅವನಿಗೆ ಐದು ಸಾವಿರ ಪೌಂಡುಗಳ ಪರಿಹಾರ ಕೊಟ್ಟಿತು. ಕ್ರಿಮಿನಲ್ ಮೇಲ್ಮನವಿಗಳಿಗಾಗಿ ಇಂಗ್ಲೆಂಡಿನಲ್ಲಿ ಪ್ರತ್ಯೇಕ ನ್ಯಾಯಾಲಯವನ್ನು ಸ್ಥಾಪಿಸಿದ 1907ರ ಕಾನೂನಿಗೆ ಈ ಪ್ರಕರಣವೂ ಒಂದು ಮುಖ್ಯ ಕಾರಣವಾಯಿತು. ಬೆಕ್ 1909ರಲ್ಲಿ ತೀರಿಕೊಂಡನು. ಮುಖವನ್ನು ನಂಬುವುದಕ್ಕಿಂತ ಬೆರಳಿನ ಗುರುತನ್ನು ನಂಬುವುದು ಲೇಸೆಂಬ ತಿಳಿವಳಿಕೆ ಆಗ ಬಲಗೊಳ್ಳುತ್ತಿತ್ತು. ಬೆರಳಚ್ಚುಗಳನ್ನು ವರ್ಗೀಕರಿಸಿ ಇಡುವ ಕಛೇರಿ 1897ರಲ್ಲಿಯೇ ಕಲ್ಕತ್ತೆಯಲ್ಲಿ ತೆರೆದಿತ್ತು. ಆ ಪದ್ಧತಿಯನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಶ್ರಮವಿತ್ತು. ಕಣ್ಣು ತಪ್ಪಬಹುದು, ಆದುದರಿಂದ ಕಣ್ಣಿನಾಚೆಗೆ ಒಂದು ಪ್ರಮಾಣ ಬೇಕು ಎಂಬ ವಿನಯ ಆ ಶ್ರಮದ ಮೂಲದಲ್ಲಿದೆ.

ಚಿತ್ರದಲ್ಲಿ ಜೋನ್ಸ್ ನಿರಪರಾಧಿಯೆಂದು ಸಾಬೀತಾದ ಮೇಲೆ ಅಧಿಕಾರಿಗಳು ಅವನಿಗೊಂದು ಪತ್ರವನ್ನು ಬರೆದುಕೊಡುತ್ತಾರೆ. ಈ ಪತ್ರವುಳ್ಳವನು ಮ್ಯಾನಿಯನ್ ಅಲ್ಲ, ಇವನನ್ನು ಬಂಧಿಸಕೂಡದು ಎಂಬುದು ಅದರ ಒಕ್ಕಣೆ. ತಪ್ಪು ಮಾಡಿದವರು ಪೋಲೀಸರು. ಆದರೆ ಆ ತಪ್ಪು ಮರುಕಳಿಸದಂತೆ ಜೇಬಿನಲ್ಲಿ ಕಾಗದವನ್ನು ಹೊತ್ತು ತಿರುಗಬೇಕಾದವನು ಜೋನ್ಸ್. ಅದೇ ರಾತ್ರಿ ಮನೆಗೆ ಬಂದರೆ ಅಲ್ಲಿ ಸ್ವತಃ ಮ್ಯಾನಿಯನ್ ಕುಳಿತಿದ್ದಾನೆ. ಪತ್ರಿಕೆಯಲ್ಲಿ ಎಲ್ಲವನ್ನೂ ಓದಿದ ಅವನಿಗೆ ಬೇಕಾದದ್ದು ಆ ಪತ್ರ. ಹಗಲು ಅದು ಗುಮಾಸ್ತನದು, ಇರುಳು ಕೊಲೆಗಡುಕನದು ಎಂಬ ಕರಾರು ಏರ್ಪಡುತ್ತದೆ. ಸಜ್ಜನನ ರಕ್ಷಣೆಗೆಂದು ಹುಟ್ಟಿದ ಕಾಗದ ದುರ್ಜನನಿಗೆ ಕವಚವಾಗುತ್ತದೆ. ಯೋಗ್ಯತಾಪತ್ರಗಳನ್ನೂ ಮೊಹರುಗಳನ್ನೂ ನೋಡಿ ಮನುಷ್ಯನನ್ನು ಅಳೆಯುವ ವ್ಯವಸ್ಥೆಯ ಮೇಲೆ ಇದಕ್ಕಿಂತ ಹರಿತವಾದ ವಿಡಂಬನೆಯನ್ನು ಊಹಿಸುವುದು ಕಷ್ಟ. ಪತ್ರ ಸತ್ಯವಾದದ್ದೇ, ಸಹಿಯೂ ಸತ್ಯವಾದದ್ದೇ. ಹಿಡಿದ ಕೈ ಮಾತ್ರ ಬೇರೆ.

ಇಲ್ಲಿಂದ ಮುಂದೆ ಚಿತ್ರ ಸಮಾಜದ ಇನ್ನೊಂದು ದೌರ್ಬಲ್ಯವನ್ನು ಎತ್ತಿ ತೋರಿಸುತ್ತದೆ. ಎಂಟು ವರ್ಷ ನಿಷ್ಠೆಯಿಂದ ದುಡಿದಾಗ ಕಛೇರಿಯ ಒಡೆಯನ ಕಣ್ಣಿಗೆ ಬೀಳದ ಜೋನ್ಸ್, ಕೊಲೆಗಡುಕನಂತೆ ಕಾಣುತ್ತಾನೆಂದು ತಿಳಿದೊಡನೆ ಎಲ್ಲರಿಗೂ ಬೇಕಾದವನಾಗುತ್ತಾನೆ. ಪತ್ರಿಕೆಯವರು ಅವನ ಹೆಸರಿನಲ್ಲಿ ಮ್ಯಾನಿಯನ್‌ನ ಜೀವನಕಥೆಯನ್ನು ಧಾರಾವಾಹಿಯಾಗಿ ಪ್ರಕಟಿಸುತ್ತಾರೆ. ಬರಹಗಾರನಾಗಬೇಕೆಂಬ ಅವನ ಕನಸು ಈ ರೀತಿಯಲ್ಲಿ ನನಸಾಗುತ್ತದೆ. ಮನೆಯಲ್ಲಿ ಮ್ಯಾನಿಯನ್ ತನ್ನ ಪರಾಕ್ರಮವನ್ನು ತಾನೇ ಹೇಳಿ ಬರೆಸುತ್ತಾನೆ. ಸದ್ಗುಣಕ್ಕೆ ಸುದ್ದಿಯಾಗುವ ಶಕ್ತಿಯಿಲ್ಲ, ದುರ್ಗುಣಕ್ಕೆ ಆ ಶಕ್ತಿ ಧಾರಾಳವಾಗಿದೆ ಎಂಬ ಕಹಿಯಾದ ಮಾತನ್ನು ಚಿತ್ರ ನಗುನಗುತ್ತಲೇ ಹೇಳಿಬಿಡುತ್ತದೆ. ಶೀರ್ಷಿಕೆಯ ಅರ್ಥವೂ ಇಲ್ಲಿ ಸ್ಪಷ್ಟವಾಗುತ್ತದೆ. ಊರೆಲ್ಲ ಮಾತನಾಡುವುದು ಜೋನ್ಸ್‌ನ ವಿಷಯವಾಗಿ ಅಲ್ಲ, ಅವನ ಮುಖದಲ್ಲಿ ತಾವು ಕಂಡ ಇನ್ನೊಬ್ಬನ ವಿಷಯವಾಗಿ.

ರಾಬಿನ್‌ಸನ್‌ನ ಅಭಿನಯವನ್ನು ಕುರಿತು ಒಂದು ಮಾತು ಹೇಳಲೇಬೇಕು. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕಾಣಿಸಿಕೊಳ್ಳುವ ದೃಶ್ಯಗಳನ್ನು ಆ ಕಾಲಕ್ಕೆ ಲಭ್ಯವಿದ್ದ ಛಾಯಾಗ್ರಹಣ ತಂತ್ರದಿಂದ ಜೋಸೆಫ್ ಆಗಸ್ಟ್ ಬಹು ಜಾಣತನದಿಂದ ಚಿತ್ರಿಸಿದ್ದಾನೆ. ಆದರೆ ಪ್ರೇಕ್ಷಕನಿಗೆ ಇವನು ಯಾರು, ಅವನು ಯಾರು ಎಂದು ತಿಳಿಸುವುದು ತಂತ್ರವಲ್ಲ. ಜೋನ್ಸ್‌ನ ಕಣ್ಣು ಎದುರಿನವರ ಮುಖವನ್ನು ನೋಡಲು ಹೆದರುತ್ತದೆ. ಮ್ಯಾನಿಯನ್‌ನ ಕಣ್ಣು ರೆಪ್ಪೆ ಮಿಟುಕಿಸುವುದೇ ಇಲ್ಲವೇನೋ ಎನಿಸುತ್ತದೆ. ಒಬ್ಬನ ಮಾತು ಅರ್ಧಕ್ಕೆ ನಿಲ್ಲುತ್ತದೆ, ಇನ್ನೊಬ್ಬನ ಮಾತು ಹಲ್ಲಿನ ಸಂದಿಯಿಂದ ಹೊರಡುತ್ತದೆ. ವೇಷಭೂಷಣದಲ್ಲಿ ಹೆಚ್ಚಿನ ಭೇದವಿಲ್ಲದಿದ್ದರೂ ಚಿತ್ರ ನೋಡುವವನು ಒಂದು ಕ್ಷಣವೂ ಗೊಂದಲಪಡುವುದಿಲ್ಲ. ತೆರೆಯ ಮೇಲಿನ ಪೋಲೀಸರು ಮುಖವನ್ನು ಮಾತ್ರ ನೋಡುತ್ತಾರೆ, ಪ್ರೇಕ್ಷಕ ನಡತೆಯನ್ನು ನೋಡುತ್ತಾನೆ. ನಡತೆಯನ್ನು ನೋಡಿದರೆ ಮನುಷ್ಯ ತಿಳಿಯುತ್ತಾನೆಂಬ ಪಾಠವನ್ನು ಉಪದೇಶದ ಸೋಂಕಿಲ್ಲದೆ ಈ ಅಭಿನಯ ಕಲಿಸುತ್ತದೆ. ಚಿತ್ರದ ನಿಜವಾದ ಹಿರಿಮೆ ಇದು.

ಇನ್ನು ಅಂತ್ಯ. ಚಿತ್ರದ ಬಗ್ಗೆ ತಕರಾರು ಏಳುವುದು ಇಲ್ಲಿಯೇ. ತನ್ನ ಗುಟ್ಟನ್ನು ರಟ್ಟುಮಾಡಿದವನೊಬ್ಬ ಸೆರೆಮನೆಯಲ್ಲಿರುವುದನ್ನು ಅರಿತ ಮ್ಯಾನಿಯನ್, ಜೋನ್ಸ್‌ನ ಹೆಸರಿನಲ್ಲಿ ಸೆರೆಮನೆಯೊಳಕ್ಕೆ ಹೋಗಿ ಅವನನ್ನು ಮುಗಿಸಿ ಹೊರಬರುತ್ತಾನೆ. ಹಾಸ್ಯದ ಓಟದಲ್ಲಿ ಈ ಸಾವು ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. ಬಳಿಕ ಅವನ ತಂಡ ಮಿಸ್ ಕ್ಲಾರ್ಕ್‌ಳನ್ನೂ ಜೋನ್ಸ್‌ನ ಅತ್ತೆಯನ್ನೂ ಸೆರೆಹಿಡಿದಿಡುತ್ತದೆ. ಪೋಲೀಸರು ಕಾದು ಕುಳಿತಿರುವ ಬ್ಯಾಂಕಿಗೆ ಜೋನ್ಸ್‌ನನ್ನು ಕಳುಹಿಸಿ, ಅವನು ಮ್ಯಾನಿಯನ್ ಎಂಬ ಹೆಸರಿನಲ್ಲಿ ಗುಂಡೇಟಿಗೆ ಬಲಿಯಾಗುವಂತೆ ಹೂಟ ಹೂಡಲಾಗುತ್ತದೆ. ಮರೆತುಬಿಟ್ಟ ಒಂದು ಚೆಕ್ಕಿಗಾಗಿ ಜೋನ್ಸ್ ದಾರಿಯಿಂದ ಹಿಂದಿರುಗುತ್ತಾನೆ. ತಂಡದವರು ಅವನನ್ನೇ ತಮ್ಮ ಯಜಮಾನನೆಂದು ತಿಳಿದು ಮಾತನಾಡಿದಾಗ ಹೂಟವೆಲ್ಲ ಅವನಿಗೆ ಅರ್ಥವಾಗುತ್ತದೆ. ಆಗ ಆ ಅಂಜುಬುರುಕ ಗುಮಾಸ್ತ ಮ್ಯಾನಿಯನ್‌ನ ದನಿಯನ್ನು ತೊಟ್ಟುಕೊಂಡು ಅಪ್ಪಣೆ ಕೊಡುತ್ತಾನೆ. ಹೊರಗಿನಿಂದ ಬಂದ ಮ್ಯಾನಿಯನ್ ತನ್ನವರ ಗುಂಡುಗಳಿಗೇ ಬಲಿಯಾಗುತ್ತಾನೆ. ಜೋನ್ಸ್‌ಗೆ ಬಹುಮಾನದ ಹಣ ದೊರೆಯುತ್ತದೆ. ಮಿಸ್ ಕ್ಲಾರ್ಕ್‌ಳೊಡನೆ ಅವನು ಷಾಂಘೈಗೆ ಹಡಗು ಹತ್ತುತ್ತಾನೆ. ಮಂಗಳ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳು ಈ ಪುಟಗಳ ವಾಚಕರಿಗೆ ಅಪರಿಚಿತವಲ್ಲ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಈ ಅಂತ್ಯದಲ್ಲಿ ಮೂರೂ ಒಂದೇ ಕ್ಷಣದಲ್ಲಿ ಕೂಡಿಬಂದಿವೆ. ಗುಂಡು ಹಾರಿಸಿದವರು ತಂಡದವರು. ಹಾರಿಸುವಂತೆ ಮಾಡಿದವನು ಜೋನ್ಸ್. ಚಪ್ಪಾಳೆ ತಟ್ಟುವವನು ಪ್ರೇಕ್ಷಕ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ತಂಡದವರು ಕೊಲ್ಲಲು ಸಂಕಲ್ಪಿಸಿದ್ದು ನಿರಪರಾಧಿಯಾದ ಗುಮಾಸ್ತನನ್ನು. ಸತ್ತವನು ಬೇರೆಯವನಾದರೂ ಅವರ ಮನಸ್ಸಿನಲ್ಲಿ ಕೊಲೆಯಾದವನು ಜೋನ್ಸ್. ಕನ್ನಡದಲ್ಲಿ ಜನ್ನಕವಿಯ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಇಲ್ಲಿ ಹಿಟ್ಟಿನ ಕೋಳಿಯ ನೆನಪು ಬಾರದಿರದು. ಅಲ್ಲಿ ಜೀವವಿಲ್ಲದ ಹಿಟ್ಟಿನ ಆಕೃತಿಯನ್ನು ಬಲಿಕೊಟ್ಟ ಅರಸ, ಕೊಂದೆನೆಂಬ ಸಂಕಲ್ಪದ ಫಲವನ್ನು ಭವಭವಗಳಲ್ಲಿ ಉಣ್ಣುತ್ತಾನೆ. ಕತ್ತಿಯ ಕೆಳಗೆ ಏನಿತ್ತು ಎಂಬುದರ ಜೊತೆಗೆ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೂ ಕೇಳುವುದು ಆ ಕಾವ್ಯದ ರೀತಿ. ಆ ಪ್ರಶ್ನೆಯನ್ನು ಜೋನ್ಸ್‌ಗೂ ಕೇಳಬೇಕಾಗುತ್ತದೆ.

ಜೋನ್ಸ್‌ನ ಪರವಾಗಿ ಹೇಳುವ ಮಾತುಗಳು ಇಲ್ಲದೆ ಇಲ್ಲ. ಅವನು ಸಂಸಾರಿ ಲೋಕದ ಮನುಷ್ಯ, ಸನ್ಯಾಸಿಯಲ್ಲ. ಪ್ರಾಣಾಪಾಯದಲ್ಲಿರುವವನು ಅವನೊಬ್ಬನೇ ಅಲ್ಲ. ನಿರಪರಾಧಿಗಳಾದ ಇಬ್ಬರು ಹೆಂಗಸರು ಸೆರೆಯಲ್ಲಿದ್ದಾರೆ. ಆಕ್ರಮಣಕ್ಕೆ ಬಂದವನನ್ನು ತಡೆಯುವಾಗ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ವಿರೋಧಿ ಹಿಂಸೆಯೆಂದು ಬೇರೆಯಾಗಿ ಎಣಿಸಿ, ಗೃಹಸ್ಥನು ಅದನ್ನು ಪೂರ್ತಿಯಾಗಿ ಬಿಡಲಾರನೆಂದು ಒಪ್ಪಿಕೊಂಡಿರುವುದೂ ಉಂಟು. ಮ್ಯಾನಿಯನ್ ಒಳಗೆ ಬಂದು ತಾನು ಯಾರೆಂದು ಹೇಳಿದ್ದರೆ ಜೋನ್ಸ್ ಉಳಿಯುತ್ತಿರಲಿಲ್ಲ. ಆದುದರಿಂದ ಅವನನ್ನು ಕೊಲೆಗಾರನೆಂದು ಕರೆದರೆ ನ್ಯಾಯವಾಗದು. ಆದರೆ ಅನಿವಾರ್ಯವೆಂದು ಒಪ್ಪಿದ ಹಿಂಸೆಯೂ ಹಿಂಸೆಯೇ. ಅದು ಮಾಡಿದವನ ಮನಸ್ಸಿನಲ್ಲಿ ಒಂದು ಭಾರವನ್ನು ಇಡಬೇಕು. ಚಿತ್ರದ ಕೊರತೆ ಈ ಭಾರದ ಅಭಾವದಲ್ಲಿದೆ. ಒಂದು ಇರುವೆಗೂ ದಾರಿ ಬಿಡುವಂತೆ ಕಾಣುತ್ತಿದ್ದ ಮನುಷ್ಯ ಒಬ್ಬನ ಸಾವಿಗೆ ಕಾರಣನಾದ ಮೇಲೆ ಅವನ ಮುಖದಲ್ಲಿ ಏನು ನಡೆಯಿತೆಂಬುದನ್ನು ನೋಡಲು ನಿರ್ದೇಶಕ ನಿಲ್ಲುವುದಿಲ್ಲ. ರಾಬಿನ್‌ಸನ್‌ನಂಥ ನಟನಿಗೆ ಅರ್ಧ ನಿಮಿಷ ಕೊಟ್ಟಿದ್ದರೆ ಸಾಕಿತ್ತು. ಅದರ ಬದಲು ಬಹುಮಾನವೂ ಹಡಗೂ ಬರುತ್ತವೆ. ಯಾವ ಹಣದ ಆಸೆಗೆ ಬಿದ್ದು ಹೋಯ್ಟ್ ನಗೆಪಾಟಲಾದನೋ ಅದೇ ಹಣ ಜೋನ್ಸ್‌ನ ಸುಖಕ್ಕೆ ತಳಹದಿಯಾಗುತ್ತದೆ.

ಇದಕ್ಕೆ ಹೊರಗಿನ ಕಾರಣವೂ ಒಂದಿದೆ. ಅಮೆರಿಕದ ಚಿತ್ರೋದ್ಯಮ ತನಗೆ ತಾನೇ ವಿಧಿಸಿಕೊಂಡಿದ್ದ ನೀತಿಸಂಹಿತೆ 1934ರ ಜುಲೈಯಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದಿತ್ತು. ಅಪರಾಧಿ ಜಯಗಳಿಸಕೂಡದು, ಅಪರಾಧಕ್ಕೆ ದಂಡನೆ ಕಾಣಬೇಕು ಎಂಬುದು ಅದರ ಮುಖ್ಯ ನಿಯಮಗಳಲ್ಲಿ ಒಂದು. ಆದುದರಿಂದ ಮ್ಯಾನಿಯನ್ ಸಾಯಲೇಬೇಕಿತ್ತು. ಆದರೆ ದುಷ್ಟನ ಸಾವನ್ನು ಕಡ್ಡಾಯಗೊಳಿಸಿದ ಆ ಸಂಹಿತೆ, ಆ ಸಾವಿಗೆ ಕಾರಣನಾದ ಸಜ್ಜನನ ಅಂತಃಕರಣದ ಬಗ್ಗೆ ಏನನ್ನೂ ಕೇಳಲಿಲ್ಲ. ಹೊರಗಿನ ದಂಡನೆಯಿಂದಲೇ ನೀತಿ ಪೂರ್ಣವಾಯಿತೆಂದು ಅದು ಭಾವಿಸಿತು. ನೀತಿಸಂಹಿತೆಗೂ ನೀತಿಗೂ ಇರುವ ಅಂತರವನ್ನು ತಿಳಿಯಲು ಈ ಚಿತ್ರದ ಕೊನೆಯ ಹತ್ತು ನಿಮಿಷಗಳು ಒಳ್ಳೆಯ ನಿದರ್ಶನ.

ಈ ಕಥಾವಸ್ತು ಭಾರತದ ತೆರೆಗೂ ಹೊಸದಲ್ಲ. 1978ರ ಹಿಂದಿ ಚಿತ್ರ ‘ಡಾನ್’ನಲ್ಲಿ ಸತ್ತ ದರೋಡೆಗಾರನಂತೆಯೇ ಇರುವ ಬಡವನನ್ನು ಪೋಲೀಸ್ ಅಧಿಕಾರಿಯೊಬ್ಬ ಅವನ ಸ್ಥಾನದಲ್ಲಿ ನಿಲ್ಲಿಸುತ್ತಾನೆ, ಈ ಗುಟ್ಟನ್ನು ಬಲ್ಲ ಆ ಅಧಿಕಾರಿಯೇ ತೀರಿಕೊಂಡಾಗ ಬಡವನು ತಾನು ತಾನೇ ಎಂದು ಹೇಳಲು ಸಾಕ್ಷಿಯಿಲ್ಲದೆ ನಿಲ್ಲುತ್ತಾನೆ. 1998ರ ‘ಡೂಪ್ಲಿಕೇಟ್’ನಲ್ಲಿ ಸಾಧುವಾದ ಒಬ್ಬ ಅಡುಗೆಗಾರನಿಗೂ ಒಬ್ಬ ದರೋಡೆಗಾರನಿಗೂ ಒಂದೇ ಮುಖ, ಕಥೆಯ ಎಳೆ ಜೋನ್ಸ್‌ನದಕ್ಕೆ ಬಹು ಹತ್ತಿರದ್ದು. ಇವುಗಳಿಗೆ ಹೋಲಿಸಿದರೆ ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ಮಾರ್ಗದ ಕಥೆಗಳು ಬೇರೆಯ ಜಾತಿಯವು. ಗುಲ್ಜಾರರ ‘ಅಂಗೂರ್’ (1982), ಎನ್. ಎಸ್. ಶಂಕರ್ ಅವರ ಕನ್ನಡ ಚಿತ್ರ ‘ಉಲ್ಟಾ ಪಲ್ಟಾ’ (1997) ಈ ಮಾರ್ಗದಲ್ಲಿ ನಡೆದವು. ಅಲ್ಲಿ ಅವಳಿಗಳಿಬ್ಬರೂ ಸಜ್ಜನರೇ. ತಪ್ಪೆಲ್ಲ ನೋಡುವವರ ಕಣ್ಣಿನದು. ಗುರುತು ಸಿಕ್ಕಿದೊಡನೆ ಎಲ್ಲರೂ ಒಂದಾಗುತ್ತಾರೆ, ಯಾರೂ ಸಾಯಬೇಕಾಗಿಲ್ಲ. ಇಬ್ಬರಲ್ಲೊಬ್ಬ ದುಷ್ಟನಾದಾಗ ಮಾತ್ರ ಕಥೆಗಾರನು ಅವನನ್ನು ತೆರೆಯಿಂದ ಅಳಿಸಿಹಾಕುವ ದಾರಿ ಹುಡುಕುತ್ತಾನೆ. ಹಾಸ್ಯಕ್ಕೆ ಸಾವು ಅನಿವಾರ್ಯವಲ್ಲವೆಂಬುದಕ್ಕೆ ಈ ಎರಡನೆಯ ಮಾರ್ಗವೇ ಸಾಕ್ಷಿ.

ಹಾಗಾದರೆ ‘ದಿ ಹೋಲ್ ಟೌನ್ಸ್ ಟಾಕಿಂಗ್’ ನೋಡತಕ್ಕ ಚಿತ್ರವೇ? ನಿಸ್ಸಂದೇಹವಾಗಿ. ಒಂದೂವರೆ ಗಂಟೆಯ ಈ ಚಿತ್ರದಲ್ಲಿ ಅಸಭ್ಯವಾದ ಮಾತಿಲ್ಲ, ವೃಥಾ ದೃಶ್ಯವಿಲ್ಲ. ಮಕ್ಕಳೊಡನೆ ನೋಡುವ ಹಿರಿಯರು ಠಾಣೆಯ ದೃಶ್ಯದಲ್ಲಿ ಮನಸಾರೆ ನಗಬಹುದು. ಚಿತ್ರ ಮುಗಿದ ಮೇಲೆ ಒಂದು ಪ್ರಶ್ನೆಯನ್ನು ಮಾತ್ರ ಮಕ್ಕಳ ಮುಂದಿಡುವುದು ಒಳ್ಳೆಯದು: ಜೋನ್ಸ್ ಹಡಗಿನಲ್ಲಿ ಮಲಗಿದ ಮೊದಲ ರಾತ್ರಿ ಅವನಿಗೆ ನಿದ್ದೆ ಬಂದೀತೇ? ಮಕ್ಕಳು ಕೊಡುವ ಉತ್ತರಗಳು ಚಿತ್ರ ಬಿಟ್ಟುಹೋದ ಅರ್ಧ ನಿಮಿಷವನ್ನು ತುಂಬಿಕೊಡಬಹುದು.

ಹಿರಿಯರಿಗೂ ಚಿತ್ರದಲ್ಲಿ ಒಂದು ಪಾಲಿದೆ. ಸಂಬಂಧ ಬೆಳೆಸುವ ಮೊದಲು ವಿಚಾರಿಸುವಾಗ, ಸಂಸ್ಥೆಯೊಂದಕ್ಕೆ ನೌಕರನನ್ನು ಆರಿಸುವಾಗ, ಧರ್ಮದರ್ಶಿಗಳ ಸಭೆಯಲ್ಲಿ ಯಾರದೋ ಮೇಲೆ ದೂರು ಬಂದಾಗ, ಕೇಳಿದ ಮಾತೊಂದು ಮೊದಲೇ ಮನಸ್ಸನ್ನು ಹಿಡಿದುಬಿಡುತ್ತದೆ. ಹೆಸರು ಒಂದೇ ಎಂದೋ, ಮನೆತನ ಒಂದೇ ಎಂದೋ, ಅವರ ಜೊತೆಯಲ್ಲಿ ಕಂಡಿದ್ದೆವೆಂದೋ ಒಬ್ಬನ ತಪ್ಪು ಇನ್ನೊಬ್ಬನ ಹೆಗಲೇರುತ್ತದೆ. ಬಳಿಕ ಅವನು ಏನು ಹೇಳಿದರೂ ಅದು ಸಂದೇಹವನ್ನೇ ಬೆಳೆಸುತ್ತದೆ. ತಪ್ಪು ತಿಳಿದಾಗಲೂ ಕ್ಷಮೆ ಕೇಳುವ ಬದಲು, ಇನ್ನು ಮುಂದೆ ಎಚ್ಚರದಿಂದಿರು ಎಂದು ಅವನಿಗೇ ಹೇಳುವುದುಂಟು. ಚಿತ್ರದ ಅಧಿಕಾರಿಗಳು ಜೋನ್ಸ್‌ನ ಜೇಬಿಗೆ ಕಾಗದ ಇಟ್ಟಂತೆ. ಬೆಕ್‌ನಿಗೆ ಪರಿಹಾರದ ಹಣ ದೊರೆಯಿತು, ಸೆರೆಯಲ್ಲಿ ಕಳೆದ ವರ್ಷಗಳು ಮರಳಿ ದೊರೆಯಲಿಲ್ಲ. ಹೊರಗಿನ ಹೋಲಿಕೆಯನ್ನು ಕಂಡು ತೀರ್ಪು ಹೇಳುವ ಮೊದಲು ಆ ಮನುಷ್ಯನನ್ನು ಕರೆದು ಕೂರಿಸಿ ಅವನ ಮಾತನ್ನು ಪೂರ್ತಿಯಾಗಿ ಕೇಳುವುದಕ್ಕೆ ಹೆಚ್ಚಿನ ಸಮಯ ಬೇಕಾಗುವುದಿಲ್ಲ. ಆ ಠಾಣೆಯಲ್ಲಿ ಒಬ್ಬ ಅಧಿಕಾರಿಯಾದರೂ ಅಷ್ಟು ಮಾಡಿದ್ದರೆ ಊರಿಗೆಲ್ಲ ಮಾತನಾಡಲು ಈ ವಿಷಯ ಸಿಗುತ್ತಿರಲಿಲ್ಲ.